ಒಂಬತ್ತನೇ ಪಾಠ

ಒಂಬತ್ತನೇ ಪಾಠವನ್ನು ಧನ್ಯಾ ಮೂವತ್ತೆಂಟನೇ ಸಲ ನೋಡಿದ್ದಳು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಜಿತೇಂದ್ರ ದಿನಾ ಮಾಡುವ ಹಾಗೆ ಮೊಬೈಲು ತೆಗೆದು, ತನ್ನ ಎಂ.ಎ. ವಿದ್ಯಾರ್ಥಿಗಳಲ್ಲಿ ಯಾರು ಯಾವ ವಿಡಿಯೋ ಪಾಠವನ್ನು ಎಷ್ಟು ಹೊತ್ತು ನೋಡಿದರು ಅನ್ನುವ ಪಟ್ಟಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳುತ್ತಿದ್ದ. ಮಿಕ್ಕ ಇಪ್ಪತ್ತಾರು ಮಂದಿ ಒಂದೊಂದೇ ಸಲ ನೋಡಿ, ಅದನ್ನೂ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರು. ಅರಕಲಗೂಡಿನವನೊಬ್ಬ ಹನ್ನೆರಡು ನಿಮಿಷದ ಪಾಠವನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಿದ್ದ. ಧನ್ಯಾಳ ಹೆಸರಿನ ಮುಂದಿನ ಸಂಖ್ಯೆ ಹತ್ತು ದಾಟಿದ ದಿನ ಜಿತೇಂದ್ರ ಹಿಗ್ಗಿ ಮನೆಯಲ್ಲೆಲ್ಲ ಹೇಳಿಕೊಂಡಿದ್ದ. ಇಪ್ಪತ್ತು ದಾಟಿದ ಮೇಲೆ ಹಿಗ್ಗು ಇಳಿಯಿತು. ಮೂವತ್ತು ದಾಟಿದ ಮೇಲೆ ಬೆಳಗಾಗೆದ್ದು ಮೊದಲು ಆ ಪಟ್ಟಿ ನೋಡುವುದು, ನೋಡಿ ಮೈ ಉರಿಸಿಕೊಳ್ಳುವುದು ಅಭ್ಯಾಸವಾಯಿತು. ಯಾಕೆಂದರೆ ಹುಡುಗಿ ಮೂರು ವಾರದಿಂದ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ. ಪಾಠ ಬೇಕು, ಪಾಠ ಮಾಡಿದವನ ಮುಖ ಬೇಡ. ಇದು ಯಾವ ಸೀಮೆಯ ಕೊಬ್ಬು ಅಂದುಕೊಂಡ.

ಮನೆಯಲ್ಲಿ ಪಾಠ, ತರಗತಿಯಲ್ಲಿ ಬರಹ. ಹಾಗಂತ ಪ್ರಿನ್ಸಿಪಾಲ್ ಸುದರ್ಶನ್ ಕಾಲೇಜಿನ ಗೇಟಿಗೆ ಬ್ಯಾನರ್ ಕಟ್ಟಿಸಿದ್ದರು. ಮೇಷ್ಟ್ರು ಆಡುವ ಮಾತನ್ನೆಲ್ಲ ಮೊದಲೇ ವಿಡಿಯೋ ಮಾಡಿ ಕಳಿಸಬೇಕು, ಹುಡುಗರು ಅದನ್ನು ಮನೆಯಲ್ಲೇ ನೋಡಿ ಮುಗಿಸಿ ಬರಬೇಕು, ತರಗತಿಯಲ್ಲಿ ಕೂತು ಬರೆಯಬೇಕು, ಮೇಷ್ಟ್ರು ಬೆನ್ನ ಹಿಂದೆ ನಿಂತು ತಿದ್ದಬೇಕು. ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುವ ಈ ಪದ್ಧತಿಯಲ್ಲಿ ‘ಸಂಶೋಧನಾ ಬರವಣಿಗೆ’ ಎಂಬ ಪತ್ರಿಕೆಯನ್ನು ಕಲಿಸುವ ಹೊಣೆ ಜಿತೇಂದ್ರನ ತಲೆಗೆ ಬಂದದ್ದು ಅವನು ದೊಡ್ಡ ಬರಹಗಾರನೆಂದಲ್ಲ, ಬೇಡ ಅನ್ನುವ ಧೈರ್ಯ ಇಲ್ಲದವನೆಂದು. ಹದಿನಾಲ್ಕು ವರ್ಷದಿಂದ ಅವನು ಆ ಕಾಲೇಜಿನಲ್ಲಿ ತಾತ್ಕಾಲಿಕ. ಅವನಿಗಿಂತ ಆಮೇಲೆ ಬಂದವರು ಕಾಯಂ ಆಗಿ, ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದರು. ಬರುವ ಸೋಮವಾರ ಹೊರಗಿನಿಂದ ಪರಿಶೀಲನಾ ತಂಡ ಬರುತ್ತದೆ, ಅದರ ಮುಂದೆ ಈ ಪಾಠಗಳನ್ನೇ ಕಾಲೇಜಿನ ಹೆಗ್ಗಳಿಕೆಯೆಂದು ತೋರಿಸುವುದು, ತಂಡ ಮೆಚ್ಚಿದರೆ ಜಿತೇಂದ್ರನನ್ನು ಕಾಯಂ ಮಾಡುವ ಕಡತ ಆಡಳಿತ ಮಂಡಳಿಗೆ ಹೋಗುವುದು, ಇಷ್ಟು ಮಾತಾಗಿತ್ತು. ಅವನು ಆ ಸೋಮವಾರವನ್ನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದ.

ಒಂಬತ್ತನೇ ಪಾಠದ ಹೆಸರು ‘ಹೀಗೆ ಬರೆಯಬಾರದು’. ಹೇಗೆ ಬರೆಯಬಾರದೆಂದು ತೋರಿಸಲು ಒಂದು ಉದಾಹರಣೆ ಬೇಕಿತ್ತು. ಮೇಜಿನ ಮೇಲೆ ಧನ್ಯಾ ಬರೆದುಕೊಟ್ಟ ಹತ್ತು ಪುಟ ಇತ್ತು. ಅದಕ್ಕೆ ಅವನು ಇಪ್ಪತ್ತೈದಕ್ಕೆ ಒಂಬತ್ತು ಅಂಕ ಹಾಕಿದ್ದ. ಓದುವಾಗ ಒಂದು ಕಡೆ ಕೆಂಪು ಪೆನ್ನು ಹಿಡಿದ ಕೈ ನಿಂತುಬಿಟ್ಟಿತ್ತು. ಹಳ್ಳಿಮೈಸೂರಿನಿಂದ ಬಸ್ಸಿಗೆ ಬರುವ, ಕೊನೇ ಬೆಂಚಿನಲ್ಲಿ ಕೂತು ತುಟಿ ಪಿಟಕ್ಕೆನ್ನದ ಈ ಹುಡುಗಿ ಬರೆದಂಥ ಒಂದು ಪುಟ ತನ್ನ ಕೈಯಲ್ಲಿ ಈ ಜನ್ಮದಲ್ಲಿ ಬಂದಿಲ್ಲ ಅನ್ನಿಸಿ ಹೊಟ್ಟೆಯಲ್ಲಿ ಖಾರ ಎದ್ದಿತ್ತು. ಅದೇ ಪುಟವನ್ನು ಅವನು ಉದಾಹರಣೆಗೆ ಆರಿಸಿದ. ‘ರಾಮನಾಥಪುರದ ಕಡೆ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ ವಾಂತಿಯಾಗುತ್ತದೆ. ನಾಳೆಯಿಂದ ಬರಬೇಡ ಅಂದಾರೆಂದು ಯಾರೂ ಹೇಳುವುದಿಲ್ಲ. ನಮ್ಮವ್ವ ತವರಿಗೆ ಹೋಗಿ ಸೊಪ್ಪು ಕಟ್ಟಿದ ವರ್ಷ ಅವಳಿಗೆ ಮೂರು ತಿಂಗಳಾಗಿತ್ತು. ಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ಅದು ಹೋಯಿತು. ಗಂಡನ ಮನೆಗೆ ಬಂದು ಜ್ವರ ಅಂದಳು. ಆಧಾರ: ನಮ್ಮವ್ವ.’

ಪಾಠದ ಚಿತ್ರೀಕರಣವೆಲ್ಲ ಮನೆಯ ಮಲಗುವ ಕೋಣೆಯಲ್ಲಿ. ಬೀರುವಿಗೆ ಬಿಳಿ ದುಪ್ಪಟಿ ಕಟ್ಟಿ, ಎದುರಿಗೆ ಸ್ಟೂಲು ಹಾಕಿ, ಒಂಬತ್ತನೇ ಕ್ಲಾಸಿನ ಮಗಳು ಸಿದ್ಧಿ ಫೋನ್ ಹಿಡಿಯುತ್ತಿದ್ದಳು. ಆವತ್ತು ಅವನು ಆ ಪುಟವನ್ನು ಗಂಭೀರವಾಗಿಯೇ ಓದುತ್ತಾ ಬಂದ. ಕೊನೆಯಲ್ಲಿ ಅವನಿಗೇ ಗೊತ್ತಾಗದ ಹಾಗೆ ದನಿ ಹಳ್ಳಿಯದಾಯಿತು. ‘ಆಧಾರ ಏನಪ್ಪಾ ಅಂದ್ರೆ, ನಮ್ಮವ್ವ ಕಣ್ ಸಾ’ ಅಂದ. ಸಿದ್ಧಿ ಕಿಸಕ್ಕೆಂದಳು. ಅವನೂ ನಕ್ಕುಬಿಟ್ಟ. ‘ಅವ್ವನನ್ನೆಲ್ಲ ತಂದು ಅಡಿಟಿಪ್ಪಣಿಯಲ್ಲಿ ಕೂರಿಸಬಾರದು, ಅವ್ವ ಅಡುಗೆಮನೆಯಲ್ಲಿರಲಿ’ ಎಂದು ಮುಗಿಸಿದ. ಆ ಭಾಗ ಕತ್ತರಿಸಬೇಕೆಂದಿದ್ದ. ಸುದರ್ಶನ್ ನೋಡಿ, ಬೇಡ, ನಗು ಸಹಜವಾಗಿ ಬಂದಿದೆ, ಹುಡುಗರಿಗೆ ಹಿಡಿಸುತ್ತದೆ ಅಂದರು. ಹೊಗಳಿಕೆ ಅಪರೂಪವಾದ ಮನುಷ್ಯ, ಅವನು ಕತ್ತರಿಸಲಿಲ್ಲ. ಆ ನಗು ತನ್ನದಲ್ಲ ಅನ್ನುವುದು ಮಾತ್ರ ಅವನಿಗೆ ಗೊತ್ತಿತ್ತು. ಮೈಸೂರಿನಲ್ಲಿ ಪಿಎಚ್‌ಡಿ ಮಾಡುವಾಗ ಜೈನರ ವ್ರತಗಳಾದ ನೋಂಪಿಯ ಕತೆಗಳ ಮೇಲೆ ಅವನು ಬರೆದ ಅಧ್ಯಾಯದಲ್ಲಿ ‘ಕತೆ ಹೇಳಿದವರು: ನನ್ನ ತಾಯಿ ಮರುದೇವಿ’ ಎಂದಿತ್ತು. ಗೈಡು ಅದನ್ನು ಇನ್ನೂ ನಾಲ್ವರೆದುರಿಗೆ ರಾಗವಾಗಿ ಓದಿ, ಏನಯ್ಯಾ, ಅಮ್ಮನ ಸೆರಗು ಹಿಡ್ಕೊಂಡು ಡಾಕ್ಟರೇಟ್ ಮಾಡ್ತೀಯೋ ಅಂದಿದ್ದರು. ನಾಲ್ವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಜಿತೇಂದ್ರನೇ. ಮಾರನೇ ದಿನ ತಾಯಿಯ ಹೆಸರು ಹೊಡೆದುಹಾಕಿ, ಮಾಹಿತಿದಾರರು, ಸ್ತ್ರೀ, ವಯಸ್ಸು ಐವತ್ತೆಂಟು ಎಂದು ಬರೆದ. ಕಟ್ಟು ಹಾಕಿಸಿದ ಪ್ರಬಂಧವನ್ನು ಮನೆಗೆ ತಂದಾಗ ತಾಯಿ ಕನ್ನಡಕ ಹಾಕಿಕೊಂಡು ಹುಡುಕಿ ಹುಡುಕಿ ಆ ಸಾಲಿನ ಮೇಲೆ ಬೆರಳಿಟ್ಟು, ಇದು ಯಾರೋ ಎಂದು ಕೇಳಿದ್ದರು. ನೀನೇ ಅಮ್ಮ ಅಂದ. ಹೌದಾ ಎಂದು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದರು. ಬಸ್ಸು ಹೊಳೆನರಸೀಪುರದ ಸೇತುವೆ ಹತ್ತುವಾಗ ಅವನಿಗೆ ಆ ‘ಹೌದಾ’ ಸುಮ್ಮಸುಮ್ಮನೆ ನೆನಪಾಗಿ ಕಿರಿಕಿರಿಯಾಯಿತು.

ಹಾಜರಿ ಹಾಕುವ ಮೊದಲೇ ಸುದರ್ಶನ್ ಕರೆಸಿದರು. ಹಾಸನದಿಂದ ಕಾರಿನಲ್ಲಿ ಬರುವ ಅವರು ಹನ್ನೊಂದಕ್ಕೆ ಮುಂಚೆ ಕುರ್ಚಿಯಲ್ಲಿ ಇರುವವರೇ ಅಲ್ಲ. ಈವತ್ತು ಇದ್ದರು.

‘ಬಾಗಿಲು ಹಾಕಿ ಬನ್ನಿ. ಹಳ್ಳಿಮೈಸೂರಿಂದ ಪುಟ್ಟಸ್ವಾಮಿಗಳು ಫೋನ್ ಮಾಡಿದ್ರು’ ಅಂದರು. ಪುಟ್ಟಸ್ವಾಮಿ ಆಡಳಿತ ಮಂಡಳಿಯ ಸದಸ್ಯರು. ‘ನಿಮ್ಮ ಒಂಬತ್ತನೇ ಪಾಠ ಅವರೂರ ಹಾಲಿನ ಡೈರಿಲಿ ಸ್ಪೀಕರ್‌ನಲ್ಲಿ ಬಂದಿದೆ ಕಣ್ರಿ. ಆ ಹುಡುಗಿ ಅಲ್ಲೇ ಹಾಲು ಟೆಸ್ಟ್ ಮಾಡೋ ಕೆಲಸ ಮಾಡ್ತಾಳಂತಲ್ಲ, ನಿಮಗೆ ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕೈಯಲ್ಲಿ ಹಾಲು ಹಿಡಿದವಳಿಗೆ ಫೋನ್ ಹಿಡಿಯಲು ಇನ್ನೊಂದು ಕೈ ಎಲ್ಲಿಂದ ಬರಬೇಕು? ಅವಳು ಡೈರಿಯ ಸ್ಪೀಕರಿಗೆ ಪಾಠ ಹಚ್ಚಿಟ್ಟು ಕೇಳುತ್ತಾ ಕೆಲಸ ಮಾಡುತ್ತಿದ್ದಳಂತೆ. ಹಾಗೆ ಊರ ಹೆಂಗಸರೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಂತೇ ಸಂಶೋಧನಾ ಬರವಣಿಗೆಯ ಎಂಟು ಪಾಠ ಮುಗಿಸಿದ್ದರು. ಒಂಬತ್ತನೆಯದು ಬಂದ ಬೆಳಿಗ್ಗೆ ಧನ್ಯಾಳ ತಾಯಿಯೂ ಸಾಲಿನಲ್ಲಿದ್ದಳು, ತಾಯಿಯ ಅತ್ತೆಯೂ ಇದ್ದಳು.

‘ನಾನು ಯಾರ ಹೆಸರೂ ಹೇಳಿಲ್ಲ ಸರ್.’

‘ಹೆಸರು ಯಾಕ್ರೀ ಬೇಕು? ಆ ಕೇರಿಲಿ ಎಂ.ಎ. ಓದೋಳು ಅವಳೊಬ್ಬಳೇ. ಇಪ್ಪತ್ತು ವರ್ಷದ ಮೇಲೆ ಆಗಿತ್ತಂತೆ ಆ ವಿಷಯ ಮುಚ್ಚಿಟ್ಟು. ಈಗ ಅತ್ತೆ ಸೊಸೆಗೆ ಜಗಳ ಹತ್ತಿದೆ. ಪುಟ್ಟಸ್ವಾಮಿಗಳು ಏನಂತಾರೆ ಅಂದ್ರೆ, ಸೋಮವಾರ ತಂಡದವರ ಮುಂದೆ ಯಾರಾದ್ರೂ ಬಂದು ನಿಂತ್ಕೊಂಡ್ರೆ ಗತಿಯೇನು ಅಂತ.’

‘ವಿಡಿಯೋ ತೆಗೆದುಬಿಡ್ಲಾ ಸರ್?’

‘ತೆಗೆದ್ರೆ ತಪ್ಪು ಒಪ್ಕೊಂಡಂಗೆ. ಒಂದು ಒಪ್ಪಿಗೆ ಪತ್ರ ಇದ್ರೆ ಮುಗೀತು.’ ಟೈಪ್ ಮಾಡಿದ ಹಾಳೆ ಮುಂದೆ ತಳ್ಳಿದರು. ತನ್ನ ಬರಹವನ್ನು ಬೋಧನೆಗೆ ಬಳಸಲು ಧನ್ಯಾ ಸ್ವಇಚ್ಛೆಯಿಂದ ಒಪ್ಪಿರುತ್ತಾಳೆ ಎಂದು ಅದರಲ್ಲಿತ್ತು. ತಾರೀಖು ಎರಡು ತಿಂಗಳು ಹಿಂದಿನದು. ‘ಇವತ್ತೇ ಸಹಿ ಹಾಕಿಸ್ಕೊಂಡು ಬನ್ನಿ. ಇಂಟರ್ನಲ್ ಮಾರ್ಕ್ಸ್ ಇನ್ನೂ ನಿಮ್ಮ ಕೈಲೇ ಇದೆಯಲ್ಲ. ನಾನೇನೂ ಹೇಳ್ತಿಲ್ಲಪ್ಪ.’

ಮೂರೂವರೆಯ ಬಸ್ಸಿನಲ್ಲಿ ಹಳ್ಳಿಮೈಸೂರಿಗೆ ಹೋಗುವಾಗ ಅವನಿಗೆ ಸಿಟ್ಟು ಬಂದದ್ದು ಅವಳ ಮೇಲೆ. ಇಯರ್‌ಫೋನು ಅಂತ ಒಂದು ವಸ್ತು ಇದೆ, ಊರಿಗೆಲ್ಲ ಕೇಳಿಸು ಎಂದು ಯಾರು ಹೇಳಿದ್ದರು? ಅಂಥ ಗುಟ್ಟಾದರೆ ಬರೆದದ್ದೇ ಯಾಕೆ? ಪಾಠದ ವಿಡಿಯೋ ಎಂದರೆ ಇಪ್ಪತ್ತೇಳು ಮಂದಿ ಒಬ್ಬೊಬ್ಬರೇ ತಮ್ಮ ತಮ್ಮ ಕೋಣೆಯಲ್ಲಿ ಕೂತು ನೋಡುವುದು ಎಂದು ಅವನು ತಿಳಿದಿದ್ದ. ತರಬೇತಿಯಲ್ಲಿ ತೋರಿಸಿದ ಚಿತ್ರಗಳಲ್ಲಿ ಹಾಗೇ ಇತ್ತು, ಹುಡುಗಿ, ಮೇಜು, ದೀಪ, ಒಂದು ಕಪ್ಪು. ಆ ಮನೆಯಲ್ಲಿ ಕೋಣೆ ಇದೆಯೋ ಇಲ್ಲವೋ ಅವನಿಗೇನು ಗೊತ್ತು. ಗೊತ್ತಿರಬೇಕಿತ್ತು ಅಂತಲೂ ಒಳಗೆ ಯಾವನೋ ಅನ್ನುತ್ತಿದ್ದ, ಅವನ ಬಾಯಿ ಮುಚ್ಚಿಸಲು ಜಿತೇಂದ್ರ ಮಾತು ಸಿದ್ಧಮಾಡಿಕೊಳ್ಳತೊಡಗಿದ. ನೋಡಮ್ಮಾ, ನಾನು ನಕ್ಕದ್ದು ಆಧಾರ ಕೊಟ್ಟ ರೀತಿಗೆ, ವಿಷಯಕ್ಕಲ್ಲ. ವಿಷಯ ಬೇರೆ, ವಿಧಾನ ಬೇರೆ. ಇದನ್ನು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಮೂರನೇ ಸಲಕ್ಕೆ ಬಹಳ ನ್ಯಾಯವಾಗಿ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಮುದುಕ ತಿರುಗಿ ನೋಡಿದಾಗ, ಕೊನೆಯ ಸಲ ಬಾಯಿ ಬಿಟ್ಟೇ ಹೇಳಿದ್ದೆನೆಂದು ಗೊತ್ತಾಗಿ ನಾಚಿಕೆಯಾಯಿತು.

ಡೈರಿಯ ಮುಂದೆ ಆಗಲೇ ಸಾಲು ನಿಂತಿತ್ತು. ಸ್ಟೀಲು ಕ್ಯಾನು, ಪ್ಲಾಸ್ಟಿಕ್ ಬಕೆಟ್ಟು, ತೂತು ಮುಚ್ಚಲು ಬಟ್ಟೆ ಸುತ್ತಿದ ತಂಬಿಗೆ. ಒಳಗೆ ಧನ್ಯಾ ಒಬ್ಬೊಬ್ಬರ ಹಾಲಿನಿಂದ ಚೂರು ಚೂರು ತೆಗೆದು ಯಂತ್ರಕ್ಕಿಟ್ಟು ಕೊಬ್ಬಿನ ಅಂಶ ನೋಡುತ್ತಾ ಚೀಟಿ ಹರಿದು ಕೊಡುತ್ತಿದ್ದಳು. ‘ಧನ್ಯಾ ಒಳಗಿದ್ದಾರೇನಮ್ಮ?’ ಎಂದು ಜಿತೇಂದ್ರ ಕೇಳಿದ್ದೇ ತಡ, ಬೆನ್ನು ಮಾಡಿ ನಿಂತಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಮುಖ ನೋಡಿ ತಿರುಗಿದ್ದಲ್ಲ, ದನಿ ಕೇಳಿ.

‘ಅಯ್ ಇವರೇ ಕಣಕ್ಕ. ಪಾಠದ ಮೇಷ್ಟ್ರು!’ ಅಂದಳು ಒಬ್ಬಳು.

‘ಇಷ್ಟೇ ಎತ್ರುಕ್ಕೆ ಅವ್ರಾ? ದನಿ ಕೇಳಿ ಆಳು ದೊಡ್ಡದು ಅಂದ್ಕಂಡಿದ್ದೆ.’

ಚಿಕ್ಕಲಕ್ಷ್ಮಮ್ಮ ಎಂಬ ಹೆಂಗಸು ಕ್ಯಾನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ‘ಮೇಷ್ಟ್ರೇ, ಅವತ್ತು ನಮ್ಮಂಗೆ ಮಾತಾಡಿದ್ರಲ್ಲ, ನಮ್ಮವ್ವ ಕಣ್ ಸಾ ಅಂತವ. ಇನ್ನೊಂದ್ಸಲ ಅಂಗೇ ಅನ್ನಿ, ಎದುರುಗೇ ಕೇಳವ.’

ಸಾಲು ನಕ್ಕಿತು. ಜಿತೇಂದ್ರನೂ ನಗಲು ನೋಡಿದ, ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತು. ಒಳಗಿನಿಂದ ಧನ್ಯಾ ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ, ‘ಹಾಲು ಮುಗೀಲಿ ಸಾ’ ಎಂದಷ್ಟೇ ಹೇಳಿದಳು. ಕೂತುಕೊಳ್ಳಿ ಅನ್ನಲಿಲ್ಲ. ಮುಕ್ಕಾಲು ಗಂಟೆ ಅವನು ಗೋಡೆಗೆ ಆತು ನಿಂತ. ಕಾಲೇಜಿನಲ್ಲಿ ಅವಳು ಏನಾದರೂ ಕೇಳಲು ಬಂದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಹೀಗೇ ನಿಲ್ಲಿಸಿ ಟೀ ಕುಡಿದು ಮುಗಿಸುತ್ತಿದ್ದುದು ಜ್ಞಾಪಕಕ್ಕೆ ಬಂತು. ಮನೆಯಿಂದ ಹೆಂಡತಿಯ ಫೋನು, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಬರುತ್ತೀರಾ ಎಂದು. ಕತ್ತಲಾದ ಮೇಲೆ ಉಣ್ಣದ ಜೈನರ ಮನೆ. ಇಲ್ಲ ಅಂದ. ಬರಲು ಆಗುವುದಿಲ್ಲವೆಂದೂ, ಈವತ್ತು ಉಪವಾಸವೇ ಎಂದೂ, ಎರಡನ್ನೂ ಅವಳ ಮೇಲೆ ರೇಗಿಕೊಂಡೇ ಹೇಳಿದ.

ಸಾಲು ಕರಗಿದ ಮೇಲೆ ಧನ್ಯಾ ಕೈ ತೊಳೆದು ಬಂದಳು. ಅವನು ಹಾಳೆ ಮುಂದೆ ಹಿಡಿದ. ಅವಳು ಓದಿದಳು, ತಾರೀಖಿನ ಹತ್ತಿರ ಸ್ವಲ್ಪ ನಿಂತಳು, ವಾಪಸು ಕೊಟ್ಟಳು.

‘ಇದಕ್ಕೆ ನಾನು ಸಹಿ ಹಾಕಂಗಿಲ್ಲ ಸಾ.’

‘ನಿನ್ನ ಇಂಟರ್ನಲ್ಸ್ ಇನ್ನೂ ಕಳಿಸಿಲ್ಲ ನಾನು’ ಅಂದ. ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತು ಒಂದೂ ಬಾಯಿಗೆ ಬರದೆ ಇದೇ ಮೊದಲು ಬಂತು. ‘ಮೂರು ವಾರ ಗೈರುಹಾಜರಿ. ನಾನು ಬರೆದದ್ದೇ ಕೊನೆ, ಗೊತ್ತಲ್ಲ?’

‘ಸೊನ್ನೆ ಹಾಕಿ.’ ಅವಳು ನಿಂತ ಜಾಗ ಬಿಡಲಿಲ್ಲ. ‘ಆ ಮಾತು ನಂದಲ್ಲ ಸಾ, ಅವ್ವಂದು. ಯಾರ ಬದುಕಿನ ಮಾತೋ ಅವರ ಒಪ್ಪಿಗೆ ಕೇಳಿ ಬರೀಬೇಕು ಅಂತ ಏಳನೇ ಪಾಠದಲ್ಲಿ ನೀವೇ ಹೇಳಿದ್ದು. ನಾನು ಕೇಳ್ಲಿಲ್ಲ. ನೀವೊಬ್ರೇ ಓದ್ತೀರಿ ಅಂತ ಬರೆದುಬಿಟ್ಟೆ. ನನ್ನ ತಪ್ಪಿಗೆ ಮನೇಲಿ ದಿನಾ ಅನುಭವಿಸ್ತಾ ಇದೀನಿ. ನಿಮ್ಮ ತಪ್ಪನ್ನೂ ನನ್ನ ಹೆಸರಿಗೆ ಹಾಕ್ಬೇಡಿ.’

ಅಷ್ಟರಲ್ಲಿ ಅವಳ ತಾಯಿ ಬಂದಳು. ಶಿವಗಂಗಮ್ಮ ಈಗೀಗ ಎಲ್ಲರೂ ಹೋದ ಮೇಲೆ, ಕಟ್ಟಕಡೆಯಲ್ಲಿ ಹಾಲು ತರುತ್ತಿದ್ದಳಂತೆ. ಐವತ್ತರ ಒಳಗಿನ ಗಟ್ಟಿ ಹೆಂಗಸು, ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಸೆರಗು. ಜಿತೇಂದ್ರನನ್ನು ನೋಡಿ ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಮಗಳ ಕೈಗೆ ಕ್ಯಾನು ಕೊಟ್ಟು ಬೆಂಚಿನ ತುದಿಗೆ ಕೂತಳು.

‘ಅಮ್ಮಾ, ನಾನು ನಕ್ಕದ್ದು ಆ ವಿಷಯಕ್ಕಲ್ಲ’ ಎಂದು ಶುರುಮಾಡಿದ. ‘ಆಧಾರ ಅಂತ ಬರೆದಿದ್ದಾಳಲ್ಲ, ಅದಕ್ಕೆ.’

‘ಅದು ಓಯ್ತು ಅಂದ್ರಿ. ಆಮ್ಯಾಕೆ ನಕ್ರಿ’ ಅಂದಳು ಶಿವಗಂಗಮ್ಮ. ‘ನಡುವೆ ಏನಿತ್ತು ನಂಗ್ ಗೊತ್ತಾಗಲ್ಲ. ನಾನು ಓದ್ದೋಳಲ್ಲ, ಕಿವೀಲಿ ಕೇಳ್ದೋಳು.’

ಅವನು ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಬಿಚ್ಚಿದ.

‘ನ್ಯಾಯ ಏಳ್ಬೇಕು ಅಂದ್ರೆ, ಸೊಪ್ಪಿನ ಕೆಲಸಕ್ಕೆ ಓಗಬ್ಯಾಡ ಅಂದಿದ್ರು ನಮ್ಮತ್ತೆ. ತವರಲ್ಲಿ ಎಲ್ಲಾ ಕಟ್ತಾವ್ರಲ್ಲ ಅಂತ ಕುಂತೆ. ಇಪ್ಪತ್ನಾಕು ವರ್ಷ ಆಯ್ತು. ತಲೆ ಬಾಚ್ತಾ ಕುಂತಿದ್ದಾಗ ಒಂದಿನ ಇವಳಿಗೊಬ್ಬಳಿಗೆ ಏಳ್ದೆ. ಬರ್ಕೊ ಅಂತ ಏಳ್ಲಿಲ್ಲ. ಈಗ ನಮ್ಮತ್ತೆ ನಾನು ಬಡ್ಸಿದ್ದು ಉಣ್ಣಾಕಿಲ್ಲ. ಮೊಮ್ಮಗನ್ನ ತಿಂದ್ಬುಟ್ಟೆ ಅಂತಾರೆ. ಗಂಡೋ ಹೆಣ್ಣೋ ಅದು ಯಾರಿಗ್ ಗೊತ್ತಿತ್ತು?’

ಧನ್ಯಾ ಅಳುತ್ತಿದ್ದಳು. ಅಳುತ್ತಲೇ ತಾಯಿಯ ಹಾಲು ಯಂತ್ರಕ್ಕಿಟ್ಟು ಚೀಟಿ ಹರಿದಳು. ಜಿತೇಂದ್ರನಿಗೆ ಏನಾದರೂ ಹೇಳಬೇಕೆನ್ನಿಸಿ, ಹೇಳಬಾರದ್ದನ್ನೇ ಹೇಳಿದ. ‘ಇಷ್ಟು ನೋವಾಗಿದ್ರೆ ಮೂವತ್ತೆಂಟು ಸಲ ಯಾಕೆ ನೋಡಿದ್ಲು ಇವಳು?’

‘ಅವಳಲ್ಲ, ನಾನು’ ಅಂದಳು ಶಿವಗಂಗಮ್ಮ. ‘ಇವಳ ಫೋನಲ್ಲಿ ನಾನು ಕೇಳ್ತೀನಿ. ಅಷ್ಟು ವರ್ಷದಾಗೆ ಆ ಕೂಸಿನ ಸುದ್ದಿ ಯಾರ ಬಾಯಲ್ಲೂ ಬಂದಿರ್ಲಿಲ್ಲ. ಇತ್ತು ಅಂತ್ಲೇ ಯಾರೂ ಅಂದಿಲ್ಲ. ನಿಮ್ ಬಾಯಲ್ಲಿ ಬಂತು. ಎಷ್ಟು ಚೆಂದಾಗಿ ಓದ್ತೀರಿ ಅಲ್ಲಿಗಂಟ! ನಗೋ ಜಾಗ ಬತ್ತಿದ್ದಂಗೆ ಕಿವಿ ಮುಚ್ಕತೀನಿ.’

ಅವನು ಅವಳ ಮುಖ ನೋಡಲಾರದೆ ಗೋಡೆಯ ಮೇಲಿದ್ದ ಹಾಲಿನ ದರದ ಪಟ್ಟಿಯನ್ನು ನೋಡಿದ. ತಾನು ಕೆಟ್ಟವನೆಂದು ಯಾರಾದರೂ ಬೈದಿದ್ದರೆ ಜಗಳವಾಡಬಹುದಿತ್ತು. ಇವಳು ಬೈಯುತ್ತಿಲ್ಲ. ಅದೇ ಅವನಿಗೆ ಅತಿ ಅವಮಾನವೆನ್ನಿಸಿ, ಒಂದು ಕ್ಷಣ ಅವಳನ್ನು ಮನಸಾರೆ ದ್ವೇಷಿಸಿದ.

‘ನಂಗೂ ಸಹಿ ಮಾಡಕ್ಕೆ ಬತ್ತದೆ, ಸಂಘದಲ್ಲಿ ಕಲ್ತಿವ್ನಿ. ಮಾಡ್ಕೊಡ್ತೀನಿ’ ಎಂದಳು ಶಿವಗಂಗಮ್ಮ. ‘ಪಾಠ ಇರ್ಲಿ, ತೆಗೀಬ್ಯಾಡಿ. ನಗೋದು ತೆಗೀರಿ. ಆಮ್ಯಾಕೆ ಈ ಕಾಗ್ದ ಬ್ಯಾಡ. ಏನಾಯ್ತು ಅಂತ ನಿಮ್ ಕೈಲೇ ಬರೀರಿ. ಬರೆಯಾದು ಕಲ್ಸೋರಲ್ವಾ ನೀವು?’

ಧನ್ಯಾ ತನ್ನ ಉದ್ದ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಬೆಂಚಿನ ಮೇಲಿಟ್ಟು ಅವನ ಬೆನ್ನ ಹಿಂದೆ ನಿಂತಳು. ಮೇಲಿನ ಎರಡು ಸಾಲು ಸಲೀಸಾಗಿ ಬಂತು: ನನ್ನ ಮಗಳು ಧನ್ಯಾ ಬರೆದ ನನ್ನ ವಿಷಯವನ್ನು ಕಾಲೇಜಿನ ಪಾಠದಲ್ಲಿ ಓದುವುದಕ್ಕೆ ನಾನು ಒಪ್ಪಿದ್ದೇನೆ. ಅಲ್ಲಿಂದ ಮುಂದೆ ಕೈ ಓಡಲಿಲ್ಲ. ಸದರಿ ಪಾಠದಲ್ಲಿ ಅಚಾತುರ್ಯದಿಂದ ಸಂಭವಿಸಿದ ಕೆಲವು ಅಂಶಗಳು ಎಂದು ಬರೆದ. ಧನ್ಯಾ ಗಟ್ಟಿಯಾಗಿ ಓದಿದಳು. ಶಿವಗಂಗಮ್ಮ ಕೇಳಿ, ‘ಇದ್ರಲ್ಲಿ ನಾನೆಲ್ಲಿವ್ನಿ?’ ಅಂದಳು. ಹೊಡೆದುಹಾಕಿ, ಕುಟುಂಬದ ಭಾವನೆಗಳಿಗೆ ಧಕ್ಕೆ ಎಂದು ಬರೆದ. ಧನ್ಯಾ ಓದಿದಳು. ‘ಇದು ಪೇಪರಲ್ಲಿ ಬರೆದಂಗೈತೆ ಕಣ್ ಬುಡಿ’ ಅಂದಳು ತಾಯಿ. ಅವನಿಗೆ ಕಂಕುಳಲ್ಲಿ ಬೆವರು ಇಳಿಯಿತು. ಇನ್ನೊಂದು ಹಾಳೆ ಕೇಳಿದ. ಹಸಿವು, ಹಾಲಿನ ಹುಳಿ ವಾಸನೆ, ಬೆನ್ನ ಹಿಂದೆ ಹುಡುಗಿಯ ಉಸಿರು. ತರಗತಿಯಲ್ಲಿ ಹುಡುಗರು ಯಾಕೆ ಹಾಗೆ ಕಲ್ಲಾಗಿ ಕೂರುತ್ತಿದ್ದರೆಂದು ಅವನಿಗೆ ಈಗ ತಿಳಿಯಿತು. ಹೊಸ ಹಾಳೆಯಲ್ಲಿ ಮೇಲಿನ ಎರಡು ಸಾಲು ಮತ್ತೆ ಬರೆದು, ಕಣ್ಣು ಮುಚ್ಚಿ, ತೆರೆದು, ಒಂದೇ ಉಸಿರಿನಲ್ಲಿ ತನ್ನ ಮಾತಾಗಿ ಮುಂದುವರಿಸಿದ:

‘ಶಿವಗಂಗಮ್ಮನವರು ಇಪ್ಪತ್ತನಾಲ್ಕು ವರ್ಷ ಯಾರಿಗೂ ಹೇಳದ ಮಾತನ್ನು ಮಗಳಿಗೆ ಹೇಳಿದರು. ಮಗಳು ಅದನ್ನು ನನ್ನೊಬ್ಬನಿಗೆ ಬರೆದಳು. ನಾನು ಊರಿಗೆಲ್ಲ ಓದಿದೆ. ಅವಳು ನನಗಿಂತ ಚೆನ್ನಾಗಿ ಬರೆದದ್ದು ನನಗೆ ಸಹಿಸಲಾಗಲಿಲ್ಲ. ಅವರ ಕೂಸು ಹೋಯಿತು ಎಂದು ಓದಿ, ಅವರ ಹಾಗೆ ದನಿ ಮಾಡಿ ನಕ್ಕೆ. ಆ ನಗುವನ್ನು ತೆಗೆದುಹಾಕುತ್ತೇನೆ.’

ಧನ್ಯಾ ಗಟ್ಟಿಯಾಗಿ ಓದಿ ಮುಗಿಸಿದಳು. ಶಿವಗಂಗಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಅಕ್ಷರಕ್ಕೊಂದು ಸಲ ಉಸಿರು ಬಿಡುತ್ತಾ ಕೆಳಗೆ ತನ್ನ ಹೆಸರು ಬರೆದಳು. ‘ಈಗ ಸರಿಯಾಯ್ತು’ ಎಂದು ಖಾಲಿ ಕ್ಯಾನು ಎತ್ತಿಕೊಂಡಳು. ‘ಓಗ್ಬನ್ನಿ, ಬಸ್ಸಿನ ವತ್ತಾಯ್ತು’ ಅಂದಳು. ಧನ್ಯಾ ದೀಪ ಹಾಕಿ ಯಂತ್ರ ಒರೆಸತೊಡಗಿದಳು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅವನೊಬ್ಬನೇ ಇದ್ದ. ಮೈ ಹಗುರಾದ ಹಾಗಿತ್ತು. ಸೋಮವಾರ ಏನಾದರೂ ಆಗಲಿ, ಈ ಹಾಳೆಯನ್ನು ಹೀಗೇ ಮೇಜಿನ ಮೇಲಿಟ್ಟು, ನಗುವನ್ನು ತೆಗೆಸಿಯೇ ತೀರುತ್ತೇನೆ ಎಂದುಕೊಂಡ. ಕಾಯಂ ಆಗದಿದ್ದರೆ ಅಷ್ಟೇ ಹೋಯಿತು, ಇನ್ನೆಲ್ಲಾದರೂ ಪಾಠ ಹೇಳಿದರಾಯಿತು. ಹಾಗೆ ಅಂದುಕೊಳ್ಳುವುದು ಎಷ್ಟು ಚೆನ್ನಾಗಿತ್ತೆಂದರೆ, ಕಣ್ಣಲ್ಲಿ ನೀರು ಬಂತು. ಆಗ ಸುದರ್ಶನ್ ಫೋನು.

‘ಸಿಕ್ತಾ?’

‘ಸಿಕ್ತು ಸರ್. ತಾಯಿನೇ ಸಹಿ ಹಾಕಿದ್ದಾರೆ.’

‘ತಾಯಿನೇ? ಭೇಷ್. ಫೋಟೋ ಹೊಡೆದು ಕಳಿಸಿ ಈಗಲೇ, ಫೈಲಿಗೆ ಸೇರಿಸಿ ಹಾಸನಕ್ಕೆ ಹೊರಡ್ತೀನಿ. ನಿಮ್ಮ ಕಡತಾನೂ ಇಲ್ಲೇ ಮುಂದೆ ಇದೆ ನೋಡಿ.’

ಜಿತೇಂದ್ರ ಹಾಳೆಯನ್ನು ತೊಡೆಯ ಮೇಲೆ ಹರಡಿದ. ನೋಡುತ್ತಾ ಕೂತ. ಹೊತ್ತು ಮುಳುಗುತ್ತಿತ್ತು, ಇನ್ನು ಐದು ನಿಮಿಷ ಹೋದರೆ ಫೋಟೋ ಸರಿಯಾಗಿ ಬರುವುದಿಲ್ಲ ಎಂಬ ಯೋಚನೆ ಬಂತು. ಅದೊಂದೇ ಯೋಚನೆ ಬಂದದ್ದು. ನಡುವಿನ ಸಾಲುಗಳು ಒಳಗೆ ಹೋಗುವ ಹಾಗೆ ಹಾಳೆಯನ್ನು ಎರಡು ಕಡೆ ಮಡಿಸಿದ. ಮೇಲಿನ ಎರಡು ಸಾಲು, ಅದರ ಕೆಳಗೇ ಶಿವಗಂಗಮ್ಮನ ಸಹಿ. ಮಡಿಕೆಯನ್ನು ಉಗುರಿನಿಂದ ನೀವಿ, ಕಟ್ಟೆಯ ಮೇಲಿಟ್ಟು ಫೋಟೋ ತೆಗೆದು ಕಳಿಸಿದ.

ಉತ್ತರ ಕೂಡಲೇ ಬಂತು. ‘ಗುಡ್. ಸೋಮವಾರ ಒಂಬತ್ತನೇ ಪಾಠಾನೇ ಮೊದಲು ಹಾಕೋಣ. ಹಾಗೇ ಇರಲಿ, ಏನೂ ಮುಟ್ಟಬೇಡಿ. ಆ ನಗು ಚೆನ್ನಾಗಿದೆ.’

‘ಸರಿ ಸರ್’ ಎಂದು ಬರೆದ.

ಬಸ್ಸು ಬಂತು. ಹಿಂದಿನ ಸೀಟಿನಲ್ಲಿ ಕೂತು ಅವನು ಹಾಳೆಯ ಮಡಿಕೆ ಬಿಚ್ಚಿದ, ಹರಿದು ಕಿಟಕಿಯಿಂದ ಆಚೆ ಬಿಡಲೆಂದು. ಬಿಡುವ ಮುಂಚೆ ಆ ಸಾಲುಗಳನ್ನು ಒಂದು ಸಲ ಓದೋಣ ಅನ್ನಿಸಿತು. ಬಸ್ಸಿನ ಮಂಕು ದೀಪದಲ್ಲಿ ಕಣ್ಣು ಕಿರಿದು ಮಾಡಿ ಓದಿದ. ಇನ್ನೊಂದು ಸಲ ಓದಿದ. ಎಲ್ಲೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಳೆನರಸೀಪುರ ಬರುವವರೆಗೂ ಓದುತ್ತಲೇ ಇದ್ದ. ಪ್ರತಿ ಸಲವೂ ಅವನಿಗೆ, ಎಷ್ಟು ಚೆನ್ನಾಗಿ ಬರೆದಿದ್ದೇನೆ ಅನ್ನಿಸಿತು.